ದನ ಕೊಟ್ಟು ಕಟ್ಟಿದ ವಿಶ್ವವಿದ್ಯಾಲಯ

ವಜ್ರದ ಗಣಿ ಸಿಕ್ಕ ದೇಶಗಳೆಲ್ಲ ಉದ್ಧಾರವಾಗುವುದಿಲ್ಲ. ಸಿಯೆರಾ ಲಿಯೋನ್, ಅಂಗೋಲಾಗಳಲ್ಲಿ ವಜ್ರದ ಹಣ ಅಂತರ್ಯುದ್ಧಕ್ಕೆ ಬಂದೂಕು ಒದಗಿಸಿತು. ಅದೇ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಅದು ಶಾಲೆ, ಆಸ್ಪತ್ರೆ, ರಸ್ತೆಗಳಾಯಿತು. ಇದು ಹೇಗೆ ಸಾಧ್ಯವಾಯಿತು?

1966ರ ಸೆಪ್ಟೆಂಬರ್ 30ರಂದು ಬ್ರಿಟಿಷರಿಂದ ಸ್ವತಂತ್ರವಾದಾಗ ಬೋಟ್ಸ್ವಾನಾ ಜಗತ್ತಿನ ಕಡುಬಡ ದೇಶಗಳಲ್ಲೊಂದು. ಬಹುಭಾಗ ಕಲಹಾರಿ ಮರುಭೂಮಿ. ಇದ್ದ ಡಾಂಬರು ರಸ್ತೆ ಸುಮಾರು 12 ಕಿಲೋಮೀಟರ್. ಪದವೀಧರರು ಬೆರಳೆಣಿಕೆಯಷ್ಟು. ಜನರಿಗೆ ಆಸ್ತಿಯೆಂದರೆ ದನಕರು. ಬರ ಬಂದರೆ ಅವೂ ಉಳಿಯುತ್ತಿರಲಿಲ್ಲ.

ಮರುವರ್ಷವೇ ಒರಾಪಾದಲ್ಲಿ ವಜ್ರ ಪತ್ತೆಯಾಯಿತು. ಅದು ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ಸೀಮೆ. ಆದರೆ ಯಾರ ನೆಲದಲ್ಲಿ ಸಿಕ್ಕರೂ ಖನಿಜ ಇಡೀ ದೇಶದ್ದು ಎಂಬ ಕಾನೂನನ್ನು ಅವರ ಸರ್ಕಾರ ತಂದಿತು. ಗಣಿ ನಡೆಸುತ್ತಿದ್ದ ಡಿ ಬಿಯರ್ಸ್ ಕಂಪೆನಿಯೊಂದಿಗೆ ಚೌಕಾಸಿ ಮಾಡಿ, 1975ರಲ್ಲಿ ಅರ್ಧ ಪಾಲನ್ನೂ ಪಡೆಯಿತು.

ಅದೇ ವರ್ಷ ಇನ್ನೊಂದು ಸಂಕಟ ಎದುರಾಯಿತು. ಬೋಟ್ಸ್ವಾನಾ, ಲೆಸೊಥೊ, ಸ್ವಾಜಿಲ್ಯಾಂಡ್ ಮೂರಕ್ಕೂ ಸೇರಿ ಒಂದೇ ವಿಶ್ವವಿದ್ಯಾಲಯವಿತ್ತು. ಲೆಸೊಥೊ ತನ್ನ ನೆಲದಲ್ಲಿದ್ದ ಅದರ ಮುಖ್ಯ ಆವರಣವನ್ನು ತನ್ನದಾಗಿಸಿಕೊಂಡಿತು. ಬೋಟ್ಸ್ವಾನಾದ ವಿದ್ಯಾರ್ಥಿಗಳು ಗಂಟುಮೂಟೆ ಕಟ್ಟಿ ಊರಿಗೆ ಮರಳಬೇಕಾಯಿತು. ಆಗ ಖಾಮಾ ಜನರ ಮುಂದೆ ಕೈಯೊಡ್ಡಿದರು. ‘ತಲೆಗೊಂದು ದನ’ ಎಂಬುದೇ 1976ರ ಆ ಅಭಿಯಾನದ ಘೋಷಣೆ. ದನವಿದ್ದವರು ದನ ಕೊಟ್ಟರು; ಇಲ್ಲದವರು ಕಾಳು, ಮೊಟ್ಟೆ, ಚಿಲ್ಲರೆ ಹಣ ತಂದರು. ಅಕ್ಷರ ಬಾರದ ತಂದೆತಾಯಿಯರೂ ಅವರಲ್ಲಿದ್ದರು. ರಾಜಧಾನಿ ಗ್ಯಾಬರೋನ್‌ನಲ್ಲಿ ಆವರಣ ಎದ್ದಿತು. 1982ರಲ್ಲಿ ಅದು ಬೋಟ್ಸ್ವಾನಾ ವಿಶ್ವವಿದ್ಯಾಲಯವಾಯಿತು. ಅಷ್ಟರಲ್ಲಿ, 1980ರಲ್ಲಿ, ಪ್ರಾಥಮಿಕ ಶಾಲೆಯ ಶುಲ್ಕವೂ ರದ್ದಾಗಿತ್ತು.

ಕಥೆ ಇಲ್ಲಿಗೆ ಸುಖಾಂತವಾಗಲಿಲ್ಲ. 1990ರ ದಶಕದಲ್ಲಿ ಏಡ್ಸ್ ಮಹಾಮಾರಿ ಅಪ್ಪಳಿಸಿ, ಶಿಕ್ಷಕರನ್ನೂ ಮಕ್ಕಳ ಹೆತ್ತವರನ್ನೂ ಬಲಿ ತೆಗೆದುಕೊಂಡಿತು. 2002ರಲ್ಲಿ ಸರ್ಕಾರ ಉಚಿತ ಔಷಧಿ ಕೊಡಲಾರಂಭಿಸಿದ ಮೇಲೆ ಸಾವು ಇಳಿಯಿತು. ಆ ಖರ್ಚು ಹೊರಲು ನೆರವಾದದ್ದೂ ವಜ್ರದ ವರಮಾನವೇ.

ಆದರೆ ಗಣಿಗಳಿಗೆ ಬೇಕಾದ ಕೈಗಳು ಕಡಿಮೆ. ಬೇರೆ ಉದ್ಯಮಗಳು ಸಾಕಷ್ಟು ಬೆಳೆಯಲಿಲ್ಲ. ಬಡವ-ಬಲ್ಲಿದರ ಅಂತರವೂ ಕರಗಲಿಲ್ಲ. ವಜ್ರದ ಮಾರುಕಟ್ಟೆ ಕುಸಿದಾಗ ಓದಿದ ಯುವಕರ ನಿರುದ್ಯೋಗ ದೊಡ್ಡ ದೂರಾಯಿತು. 58 ವರ್ಷ ಆಳಿದ ಪಕ್ಷವನ್ನು 2024ರಲ್ಲಿ ಮತದಾರರು ಶಾಂತಿಯಿಂದಲೇ ಕೆಳಗಿಳಿಸಿದರು. ದನ ಕೊಟ್ಟವರ ಮೊಮ್ಮಕ್ಕಳ ಕೈಯಲ್ಲಿ ಈಗ ಪದವಿ ಇದೆ. ಅದಕ್ಕೆ ತಕ್ಕ ಕೆಲಸ ಹುಟ್ಟಿಸುವ ಹೊಣೆ ಹೊಸ ಸರ್ಕಾರದ ಮೇಲೆ ಬಿದ್ದಿದೆ.