ಹೆಚ್ಚು ತೊಳೆದರೆ ಹೆಚ್ಚು ಸ್ವಚ್ಛವೇ? ಸೋಪು ಮತ್ತು ನಮ್ಮ ಚರ್ಮದ ಕಾವಲು



ಸಂಘದ ಸಭೆಯಲ್ಲಿ ಆರೋಗ್ಯದ ಮಾತು ಬಂದಾಗಲೆಲ್ಲ "ಸೋಪು ಹಚ್ಚಿ ಕೈ ತೊಳೀರಿ" ಅಂತ ನಾವು ಹೇಳುತ್ತಲೇ ಬಂದಿದ್ದೇವೆ. ಇವತ್ತೂ ಅದನ್ನೇ ಹೇಳುತ್ತೇವೆ. ಆದರೆ ದಿನಾ ಸಬಕಾರ ಹಚ್ಚಿ ಜಳಕ ಮಾಡಿದರೂ ಮೈ ಯಾಕೆ ತುರಿಸುತ್ತದೆ, ಚಳಿಗಾಲದಲ್ಲಿ ಕಾಲಿನ ಚರ್ಮ ಯಾಕೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ಹಿಮ್ಮಡಿ ಯಾಕೆ ಒಡೆಯುತ್ತದೆ ಎಂಬ ಪ್ರಶ್ನೆ ತುಳಸಿಗೇರಿ, ಕಲಾದಗಿ ಕಡೆಯ ನಿಮ್ಮಲ್ಲಿ ಅನೇಕರಿಗೆ ಬಂದಿರಬಹುದು. ಇದಕ್ಕೆ ಉತ್ತರ ಸೋಪಿನಲ್ಲೂ ಇದೆ, ನಮ್ಮ ನೀರಿನಲ್ಲೂ ಇದೆ.

ಮೊದಲು ಚರ್ಮ ಅಂದರೇನು ನೋಡೋಣ. ಬಾದಾಮಿ ಕಡೆ ಹಳೆಯ ಮನೆಗಳ ಕಲ್ಲಿನ ಗೋಡೆ ನೋಡಿದ್ದೀರಲ್ಲ, ಕಲ್ಲಿನ ಮೇಲೆ ಕಲ್ಲು, ನಡುವೆ ಮೆತ್ತಿದ ಮಣ್ಣು. ನಮ್ಮ ಚರ್ಮದ ಮೇಲ್ಪದರವೂ ಹಾಗೇ. ಸತ್ತ ಜೀವಕೋಶಗಳು ಹದಿನೈದು ಇಪ್ಪತ್ತು ಪದರ ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ನಡುವೆ ಒಂದು ಜಿಡ್ಡು ಇರುತ್ತದೆ. ಆ ಜಿಡ್ಡು ಇರುವ ತನಕ ಒಳಗಿನ ನೀರು ಆರಿಹೋಗುವುದಿಲ್ಲ, ಹೊರಗಿನ ರೋಗಾಣು ಒಳಗೆ ಬರುವುದಿಲ್ಲ. ಮಣ್ಣು ಉದುರಿದರೆ ಗೋಡೆಯ ಗತಿ ಏನು ಅಂತ ನಿಮಗೆ ಹೇಳಬೇಕಾಗಿಲ್ಲ.

ಎರಡನೆಯ ಕಾವಲು ಹುಳಿ. ಹೌದು, ಚರ್ಮ ಸ್ವಲ್ಪ ಹುಳಿಯಾಗಿರುತ್ತದೆ! ಹುಳಿಯನ್ನು ಅಳೆಯಲು ಪಿಎಚ್ ಎಂಬ ಲೆಕ್ಕ ಇದೆ. 7 ಅಂದರೆ ನಡುಮಧ್ಯ, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಹೆಚ್ಚುಕಡಿಮೆ ಮೊಸರಿನ ಹತ್ತಿರ. ಬೆವರು ಮತ್ತು ಚರ್ಮದ ಜಿಡ್ಡು ಸೇರಿ ಈ ಹುಳಿ ಉಂಟಾಗುತ್ತದೆ. 1928ರಲ್ಲಿ ಜರ್ಮನಿಯ ಶಾದೆ ಮತ್ತು ಮಾರ್ಕಿಯೋನಿನಿ ಎಂಬ ವೈದ್ಯರು ಇದಕ್ಕೆ ಹುಳಿಯ ಹೊದಿಕೆ ಎಂಬ ಅರ್ಥದ ಹೆಸರಿಟ್ಟರು. ಉಪ್ಪಿನಕಾಯಿ ಕೆಡದಂತೆ ಹುಳಿ ಹೇಗೆ ಕಾಯುತ್ತದೋ, ಇದೂ ಹಾಗೆಯೇ. ಕುರು, ಕೀವು ತರುವ ಬ್ಯಾಕ್ಟೀರಿಯಾಗಳಿಗೆ ಈ ಹುಳಿ ಒಗ್ಗುವುದಿಲ್ಲ. ಬೆವರಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಒಂದು ವಸ್ತು ಇದೆ ಎಂದೂ 2001ರಲ್ಲಿ ಜರ್ಮನಿಯಲ್ಲೇ ಕಂಡುಹಿಡಿದರು. ಹೊಲದಾಗ ಸುರಿಸಿದ ಬೆವರು ಬರೀ ಹೊಲಸಲ್ಲ ನೋಡ್ರಿ.

ಮೂರನೆಯ ಕಾವಲು ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಬ್ಯಾಕ್ಟೀರಿಯಾ ಅಂದಕೂಡಲೇ ನಾವು ರೋಗ ಅಂತೀವಿ. ಆದರೆ ನಮ್ಮ ಚರ್ಮದ ಮೇಲೆ ಹುಟ್ಟಿದಾಗಿನಿಂದ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳಿವೆ. ಹೊಲದಲ್ಲಿ ಬೆಳೆ ದಟ್ಟವಾಗಿದ್ದರೆ ಕಸಕ್ಕೆ ಜಾಗ ಸಿಗುವುದಿಲ್ಲ. ಹಾಗೇ ಇವು ಜಾಗ ಹಿಡಿದಿರುವ ತನಕ ಹೊರಗಿನ ಕೆಟ್ಟ ಬ್ಯಾಕ್ಟೀರಿಯಾ ಬೇರು ಬಿಡುವುದು ಕಷ್ಟ. ಇವುಗಳಿಗೂ ಬದುಕಲು ಆ ಹುಳಿಯೇ ಬೇಕು.

ಈಗ ಸೋಪು ಏನು ಮಾಡುತ್ತದೆ? ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಸೋಪು ಮಾಡುತ್ತಾರೆ. ಅದರ ಪಿಎಚ್ 9ರಿಂದ 10. ಜಿಡ್ಡನ್ನು ಹಿಡಿದು ನೀರಿನ ಜೊತೆ ಕಳಿಸುವುದೇ ಅದರ ಕೆಲಸ. ಕೈಗೆ ಅಂಟಿದ ಸಗಣಿ, ಮಲ, ಹಸಿ ಮಾಂಸದ ಜಿಡ್ಡಿನ ಜೊತೆ ರೋಗಾಣು ಹೋಗುವುದು ಇದರಿಂದಲೇ. 2020ರಲ್ಲಿ ಕೊರೊನಾ ಬಂದಾಗ ಸೋಪು ಉಪಯೋಗಕ್ಕೆ ಬಂದದ್ದೂ ಇದಕ್ಕೇ, ಆ ವೈರಸ್‌ನ ಮೇಲಿನ ಜಿಡ್ಡಿನ ಹೊದಿಕೆ ಸೋಪಿಗೆ ಒಡೆಯುತ್ತದೆ. ಆದರೆ ಯಾವುದು ಹೊಲಸು ಜಿಡ್ಡು, ಯಾವುದು ನಮ್ಮ ಗೋಡೆಯ ಜಿಡ್ಡು ಅಂತ ಸೋಪಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಎಳೆಯುತ್ತದೆ, ಹುಳಿಯನ್ನೂ ತೆಗೆಯುತ್ತದೆ. ಚರ್ಮ ಮತ್ತೆ ಮೊದಲಿನಂತಾಗಲು ಕೆಲವು ತಾಸು ಬೇಕು. ಅಷ್ಟರೊಳಗೆ ಮತ್ತೆ ಮತ್ತೆ ಉಜ್ಜಿದರೆ ಚರ್ಮ ಒಣಗುತ್ತದೆ, ಸಣ್ಣ ಬಿರುಕು ಬೀಳುತ್ತದೆ, ಕೆರೆಯುತ್ತದೆ. ಕೆರೆದಲ್ಲಿ ಉಗುರಿನ ರೋಗಾಣು ಒಳಗೆ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ನೀರೂ ಕೂಡಿಕೊಳ್ಳುತ್ತದೆ. ಇಲ್ಲಿ ಸುಣ್ಣದ ಕಲ್ಲಿನ ನೆಲ ಬಹಳ. ಮುಧೋಳ ಕಡೆ ಸಿಮೆಂಟ್ ಕಾರ್ಖಾನೆ ಬಂದದ್ದು ಅದಕ್ಕೇ. ಇಂಥ ನೆಲದ ಬೋರಿನ ನೀರು ಗಡಸು. ನೊರೆ ಬರೋದಿಲ್ಲ ಅಂತ ನಾವು ಇನ್ನಷ್ಟು ಸಬಕಾರ ತಿಕ್ಕುತ್ತೇವೆ. ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಕೂಡಿ ಬಿಳಿ ಮಡ್ಡಿಯಾಗಿ ಮೈಗೆ ಅಂಟುತ್ತದೆ. ಬಕೀಟಿನ ಅಂಚಿಗೆ ಕೂತಿರುತ್ತದಲ್ಲ, ಅದೇ ಮಡ್ಡಿ. ನೊರೆ ಕಡಿಮೆ ಬಂದರೂ ಪರವಾಗಿಲ್ಲ, ಸೋಪು ಕಡಿಮೆ ಹಚ್ಚಿ ನೀರು ಹೆಚ್ಚು ಹಾಕಿಕೊಳ್ಳಿ. ಕುದಿಯುವಂಥ ಬಿಸಿ ನೀರು ಬೇಡ, ಅದೂ ಜಿಡ್ಡು ತೆಗೆಯುತ್ತದೆ.

"ರೋಗಾಣು ಕೊಲ್ಲುವ ಸೋಪು" ಅಂತ ಹೆಚ್ಚು ದುಡ್ಡು ಕೊಡುವವರು ಒಂದು ಮಾತು ಕೇಳಿ. ಅಂಥ ಸೋಪಿಗೆ ಹಾಕುತ್ತಿದ್ದ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಸೋಪಿನಲ್ಲಿ ಹಾಕಬಾರದು ಎಂದು ಅಮೆರಿಕದ ಸರ್ಕಾರ 2016ರಲ್ಲಿ ಹೇಳಿತು. ಸಾದಾ ಸೋಪಿಗಿಂತ ಅವು ಹೆಚ್ಚು ಕೆಲಸ ಮಾಡುತ್ತವೆ ಎಂದು ಕಂಪನಿಗಳು ತೋರಿಸಿಕೊಡಲಿಲ್ಲ. ಹಾಗಾಗಿ ಜಾಹೀರಾತಿಗಿಂತ ಕವರಿನ ಸಣ್ಣ ಅಕ್ಷರ ಓದುವುದು ಲಾಭ. ಟಿಎಫ್‌ಎಂ ಎಂದು ಒಂದು ಅಂಕಿ ಇರುತ್ತದೆ, ಅದು ಸೋಪಿನಲ್ಲಿ ನಿಜವಾದ ಕೊಬ್ಬಿನಂಶ ಎಷ್ಟು ಎಂಬ ಲೆಕ್ಕ. ಮೊದಲ ದರ್ಜೆಯ ಟಾಯ್ಲೆಟ್ ಸೋಪಿನಲ್ಲಿ ಅದು 76ಕ್ಕೆ ಕಡಿಮೆ ಇರಬಾರದು. ಅಂಕಿ ಕಡಿಮೆಯಾದಷ್ಟೂ ಬೇರೆ ಪುಡಿ ತುಂಬಿದ್ದು ಹೆಚ್ಚು. ಆದರೆ ಮೊದಲ ದರ್ಜೆಯದೂ ಕ್ಷಾರವೇ. ಗಿಡಮೂಲಿಕೆ ಸೋಪೂ ಅಷ್ಟೇ, ಸಂಘದಲ್ಲಿ ನಾವೇ ಮಾಡಿ ಮಾರುವ ಸೋಪೂ ಅಷ್ಟೇ! ಮಾರುವಾಗ ಇದನ್ನು ಗಿರಾಕಿಗೆ ಮುಚ್ಚಿಡಬಾರದು ಎಂಬುದು ನಮ್ಮ ಅಭಿಪ್ರಾಯ. ಕಾಯಿಸದೆ ಮಾಡಿದ ಸೋಪನ್ನು ನಾಲ್ಕರಿಂದ ಆರು ವಾರ ಆರಲು ಬಿಟ್ಟೇ ಮಾರಬೇಕು.

ಅರಿವಿ ಸಬಕಾರ, ವಾಷಿಂಗ್ ಪುಡಿ ಮೈಗೆ ಹಚ್ಚಲೇಬೇಡಿ, ಅವುಗಳ ಕ್ಷಾರ ಇನ್ನೂ ಜೋರು. ಪಾತ್ರೆ ಪುಡಿ, ಫಿನಾಯಿಲ್ ತಯಾರಿಸುವವರು, ಇಳಕಲ್ ಕಡೆ ನೂಲಿಗೆ ಬಣ್ಣ ಹಾಕುವವರು ರಬ್ಬರ್ ಕೈಚೀಲ ಹಾಕಿಕೊಳ್ಳಿ.

ದಿನದ ಜಳಕಕ್ಕೆ ಬಗಲು, ತೊಡೆಸಂದಿ, ಪಾದಕ್ಕೆ ಸೋಪು ಸಾಕು; ಉಳಿದ ಮೈಗೆ ಹೊಲಸಾದ ದಿನ ಹಚ್ಚಿದರಾಯಿತು. ಉಜ್ಜುವ ಕಲ್ಲು ಹಿಮ್ಮಡಿಗೆ ಮಾತ್ರ, ಅದೂ ಮೆತ್ತಗೆ. ಮೈ ಹಸಿ ಇರುವಾಗಲೇ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ನೀರಿನಂಶ ಉಳಿಯುತ್ತದೆ. ಊಟಕ್ಕೆ ಮುಂಚೆ, ಅಡುಗೆಗೆ ಮುಂಚೆ, ಸಂಡಾಸಿಗೆ ಹೋಗಿ ಬಂದ ಮೇಲೆ, ಕೂಸಿನ ಮಲ ತೊಳೆದ ಮೇಲೆ ಕೈಗೆ ಮಾತ್ರ ಸೋಪು ಬೇಕೇ ಬೇಕು. ಇದರಲ್ಲಿ ಕಡಿಮೆ ಮಾಡಬೇಡಿ.

ನಾಚಿಕೆಯಿಂದ ಯಾರೂ ಕೇಳದ ವಿಷಯವೂ ಒಂದಿದೆ. ಹೆಣ್ಣುಮಕ್ಕಳ ಗುಪ್ತಾಂಗದ ಒಳಗೆ ಇನ್ನೂ ಹೆಚ್ಚಿನ ಹುಳಿ ಇರುತ್ತದೆ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಕಾಯುತ್ತವೆ. ಒಳಗೆ ಸೋಪು ಅಥವಾ ಡೆಟ್ಟಾಲ್ ನೀರು ಹಾಕಿ ತೊಳೆದರೆ ಅವು ಸತ್ತು, ವಾಸನೆ, ತುರಿಕೆ, ಬಿಳಿ ಹೋಗುವುದು ಹೆಚ್ಚಾಗುತ್ತದೆ. ಹೊರಗೆ ಬರೀ ನೀರು ಸಾಕು. ಮುಟ್ಟಿನ ದಿನಗಳಲ್ಲೂ ಅಷ್ಟೇ.

ಹಸುಗೂಸಿಗೆ ಹುಟ್ಟಿದಾಗ ಈ ಹುಳಿ ಇನ್ನೂ ಬಂದಿರುವುದಿಲ್ಲ, ಕೆಲವು ವಾರಗಳಲ್ಲಿ ನಿಧಾನಕ್ಕೆ ಬರುತ್ತದೆ. ಮೈಮೇಲಿನ ಬಿಳಿ ಜಿಡ್ಡು ಹೊಲಸಲ್ಲ, ಕೂಸಿಗೆ ದೇಹವೇ ಕೊಟ್ಟ ಹೊದಿಕೆ. ಹುಟ್ಟಿ 24 ತಾಸು ಆಗುವ ತನಕ ಎರೆಯಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಮೇಲೂ ಕಡ್ಲಿಹಿಟ್ಟು ಹಚ್ಚಿ ಕೆಂಪಾಗುವ ಹಾಗೆ ತಿಕ್ಕುವುದು ಬೇಡ. ಅಜ್ಜಿಯಂದಿರಿಗೆ ಇದನ್ನು ಸಮಾಧಾನದಿಂದ ತಿಳಿಸಿ.

ಎಲ್ಲ ತುರಿಕೆಯೂ ಸೋಪಿನಿಂದಲ್ಲ. ರಾತ್ರಿ ಹೊತ್ತು ಮನೆಮಂದಿಗೆಲ್ಲ ತುರಿಸುತ್ತಿದ್ದರೆ ಅದು ಕಜ್ಜಿ ಇರಬಹುದು. ಅದಕ್ಕೆ ಮನೆಯವರೆಲ್ಲರೂ ಒಂದೇ ಸಲ ಔಷಧ ಹಚ್ಚಬೇಕು. ಉಂಗುರದಂತೆ ಹರಡಿದರೆ ಹುಳಕಡ್ಡಿ. ಔಷಧದ ಅಂಗಡಿಯಲ್ಲಿ ಕೇಳಿದ ತಕ್ಷಣ ಕೊಡುವ ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಅದು ಇನ್ನಷ್ಟು ಹಬ್ಬುತ್ತದೆ. ಸಕ್ಕರೆ ಕಾಯಿಲೆ ಇದ್ದವರ ಹಿಮ್ಮಡಿ ಸೀಳಿ ಕೆಂಪಾದರೆ, ಬಿಸಿಯಾಗಿ ಬಾತರೆ, ಕೀವು ಬಂದರೆ ವಾರದ ಸಂತಿ ಮುಗಿಯಲಿ ಅಂತ ಕಾಯಬೇಡಿ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.