ಚಿಪ್ಪು ಹೋದರೂ ಕುಲ ಒಂದೇ

ಮುಂಗಾರು ಹಿಡಿದರೆ ಮರಳವಾಡಿ ಕಡೆಯ ನಮ್ಮ ರೇಷ್ಮೆ ಸೊಪ್ಪಿನ ತೋಟದಲ್ಲಿ ಎರಡು ಬಗೆಯ ಹುಳು ಕಾಣುತ್ತವೆ. ಒಂದು, ಕಂದು ಪಟ್ಟೆಯ ಶಂಖ ಹೊತ್ತ ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ಕಲ್ಕತ್ತೆಗೆ ತಂದದ್ದು ಇದನ್ನೇ. ಇನ್ನೊಂದಕ್ಕೆ ಚಿಪ್ಪೇ ಇಲ್ಲ. ಚಪ್ಪಟೆ ಮೈ, ಕಪ್ಪು ಬೆನ್ನು, ನಡುವೆ ಉದ್ದಕ್ಕೂ ಮಾಸಲು ಗೆರೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ಈಗ ರೇಷ್ಮೆ ಸಾಕುತ್ತಿರುವ ನನ್ನನ್ನು ಪಕ್ಕದ ಹೊಲದವರು ಕೇಳುತ್ತಾರೆ: "ಮೇಷ್ಟ್ರೇ, ಈ ಕರೀದು ಜಿಗಣೆ ಜಾತಿನಾ?"

ಅಲ್ಲ. ಜಿಗಣೆ ಎರೆಹುಳುವಿನ ಬಳಗ. ಇದು ಬಸವನಹುಳುವಿನ ಬಳಗ. ಈ ನಂಟು ದೊಡ್ಡ ವಿದ್ವಾಂಸರಿಗೂ ಮೊದಲು ಹೊಳೆದಿರಲಿಲ್ಲ. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಚಿಪ್ಪುಳ್ಳದ್ದನ್ನು ಒಂದು ಗುಂಪಿಗೂ ಚಿಪ್ಪಿಲ್ಲದ್ದನ್ನು ಮತ್ತೊಂದಕ್ಕೂ ಹಾಕಿದ್ದರು. 1790ರ ದಶಕದಲ್ಲಿ ಫ್ರಾನ್ಸಿನ ಕುವಿಯೇ ಒಳಗಿನ ಅಂಗಗಳನ್ನು ಬಿಡಿಸಿ ನೋಡಿ, ಎರಡೂ ಮೃದ್ವಂಗಿಗಳೇ ಎಂದು ತೋರಿಸಿಕೊಟ್ಟರು.

ಕರಿ ಹುಳುವನ್ನು ಗಾಜಿನ ಮೇಲೆ ಬಿಟ್ಟು ಅಡಿಯಿಂದ ನೋಡಿ. ನಡುವೆ ಕಿರಿದಾದ ಒಂದೇ ಪಾದ. ಅದರ ಮೇಲೆ ಅಲೆ ಅಲೆಯಾಗಿ ಸರಿಯುವ ಸ್ನಾಯು. ಬಾಯೊಳಗೆ ಅರದಂತೆ ಎಲೆ ಕೆರೆಯುವ, ಸಣ್ಣ ಹಲ್ಲುಗಳ ಪಟ್ಟಿ. ಶಂಖ ಹೊತ್ತದ್ದರಲ್ಲೂ ಇವೇ ಇವೆ.

ಹಾಗಾದರೆ ಚಿಪ್ಪು ಬಿಟ್ಟದ್ದೇಕೆ? ಚಿಪ್ಪು ಕಟ್ಟಲು ಸುಣ್ಣ ಬೇಕು, ಹೊತ್ತು ತಿರುಗಲು ಶಕ್ತಿ ಬೇಕು. ಅದಿಲ್ಲದಿದ್ದರೆ ಸುಣ್ಣ ಕಮ್ಮಿಯಿರುವ ನೆಲದಲ್ಲೂ ಬದುಕಬಹುದು, ಕಲ್ಲಿನ ಸಂದಿಗೂ ನುಸುಳಬಹುದು. ಮೃದ್ವಂಗಿಗಳಲ್ಲಿ ಇದು ಬೇರೆ ಬೇರೆ ಕವಲುಗಳಲ್ಲಿ ಹಲವು ಸಲ ನಡೆದಿದೆ. ಆದ್ದರಿಂದ ಚಿಪ್ಪಿಲ್ಲದವೆಲ್ಲ ಒಂದೇ ಮನೆತನದವಲ್ಲ. ಪಶ್ಚಿಮ ಘಟ್ಟದ ಮಾರಿಯೆಲ್ಲಾ ಎಂಬ ಹುಳುವಿನ ಬೆನ್ನಿನ ಚರ್ಮದೊಳಗೆ ಇನ್ನೂ ತೆಳು ಚಿಪ್ಪು ಉಳಿದಿದೆ. ಕಡಲಿನ ಚಿಪ್ಪಿಲ್ಲದ ಎಷ್ಟೋ ಬಸವನಹುಳುಗಳು ಮರಿಯಾಗಿದ್ದಾಗ ಚಿಪ್ಪು ಹೊತ್ತಿದ್ದು, ಬೆಳೆಯುವಾಗ ಕಳಚುತ್ತವೆ. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಸಮುದ್ರದ ನೊರೆ ನಿಜಕ್ಕೂ ನೊರೆಯಲ್ಲ. ಮಲ್ಪೆ, ಮಂಗಳೂರಿನವರು ಕಪ್ಪೆ ಬೊಂಡಾಸ್ ಎನ್ನುವ ಮೃದ್ವಂಗಿಯ ಒಳಚಿಪ್ಪು.

ರೈತರಿಗೆ ಈ ವಿಷಯ ಬೇಕೇ ಬೇಕು. ಶಂಖದ ಹುಳು ಬಿಸಿಲು ಬಿದ್ದರೆ ಚಿಪ್ಪಿನ ಬಾಯಿಗೆ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಬಲ್ಲದು. ಕರಿ ಹುಳುವಿಗೆ ಆ ಆಸರೆಯಿಲ್ಲ. ಬೆಳಗಾಗುವಷ್ಟರಲ್ಲಿ ತಂಪು, ಕತ್ತಲು ಹುಡುಕಲೇಬೇಕು. ಅಲ್ಲೇ ಅದನ್ನು ಹಿಡಿಯಬೇಕು. ಸೊಪ್ಪಿಗೆ ಔಷಧಿ ಹೊಡೆದರೆ ರೇಷ್ಮೆ ಹುಳುವಿಗೇ ಕುತ್ತು. ಸಂಜೆ ಸಾಲುಗಳ ನಡುವೆ ಒದ್ದೆ ಗೋಣಿಚೀಲ ಹಾಸಿ, ಅಡಿಯಲ್ಲಿ ಪರಂಗಿ ಎಲೆ ಇಡಿ. ಬೆಳಿಗ್ಗೆ ಚೀಲ ಎತ್ತಿ, ಕೈಗವಸು ಹಾಕಿಕೊಂಡು ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಗಿಡದ ಬುಡಕ್ಕೆ ಮಾತ್ರ ಉಪ್ಪು ಸುರಿಯಬೇಡಿ. ಹುಳು ಸತ್ತ ಮೇಲೂ ಉಪ್ಪು ಮಣ್ಣಿನಲ್ಲೇ ಇರುತ್ತದೆ.