ಉಕ್ಕಿನ ಊರೋ, ಕಾರಿನ ಊರೋ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ಕನ್ನಡಿಗರ ಪ್ರವಾಸದ ಪಟ್ಟಿಯಲ್ಲಿ ನಯಾಗರಾ, ನ್ಯೂಯಾರ್ಕ್‌ಗಳ ಜತೆಗೆ ಪಿಟ್ಸ್‌ಬರ್ಗ್ ಕೂಡ ಇರುವುದುಂಟು. ಕಾರಣ, ಅದರ ಹೊರವಲಯದ ಪೆನ್ ಹಿಲ್ಸ್‌ನಲ್ಲಿ 1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಾಲಯ. ದರ್ಶನ ಮುಗಿಸಿ ಕಾರು ಹತ್ತುವವರಲ್ಲಿ ಎಷ್ಟೋ ಮಂದಿ ಊರನ್ನೇ ನೋಡುವುದಿಲ್ಲ. ಡೆಟ್ರಾಯಿಟ್‌ಗಂತೂ ಆ ಭಾಗ್ಯವೂ ಇಲ್ಲ. ಹೆಸರು ಕೇಳಿದೊಡನೆ 'ಅಯ್ಯೋ, ಪಾಳು ಬಿದ್ದ ಊರು' ಎಂಬ ಉದ್ಗಾರ ಬರುತ್ತದೆ.

ಇಪ್ಪತ್ತನೇ ಶತಮಾನದ ಅಮೆರಿಕವನ್ನು ಕಟ್ಟಿದ ನಗರಗಳಲ್ಲಿ ಇವೆರಡೂ ಮುಂಚೂಣಿಯಲ್ಲಿದ್ದವು. ಪಿಟ್ಸ್‌ಬರ್ಗ್ ಉಕ್ಕು ಎರಕ ಹೊಯ್ದರೆ ಡೆಟ್ರಾಯಿಟ್ ಕಾರು ತಯಾರಿಸಿತು. ಬಳಿಕ ಎರಡೂ ಕುಸಿದವು. 1950ರ ಜನಗಣತಿಯಲ್ಲಿ ಸುಮಾರು 18.5 ಲಕ್ಷವಿದ್ದ ಡೆಟ್ರಾಯಿಟ್ ನಗರದ ಜನಸಂಖ್ಯೆ 2020ರ ವೇಳೆಗೆ 6.4 ಲಕ್ಷಕ್ಕೆ ಇಳಿದಿತ್ತು. ಪಿಟ್ಸ್‌ಬರ್ಗ್‌ನದು ಇದೇ ಅವಧಿಯಲ್ಲಿ 6.8 ಲಕ್ಷದಿಂದ 3 ಲಕ್ಷಕ್ಕೆ ಬಂತು. ಎರಡು ದಿನವಷ್ಟೇ ಬಿಡುವಿರುವ ಪ್ರವಾಸಿ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಕಣ್ಣಿಗೆ ಹಿತವಾದುದು ಪಿಟ್ಸ್‌ಬರ್ಗ್, ಸಂದೇಹವಿಲ್ಲ. ಅಲೆಘೇನಿ ಮತ್ತು ಮನಾಂಗಹೀಲಾ ನದಿಗಳು ಕೂಡಿ ಒಹಾಯೊ ನದಿಯಾಗುವ ಸಂಗಮದಲ್ಲಿದೆ ಈ ನಗರ. ಎಲ್ಲಿ ನೋಡಿದರೂ ಗುಡ್ಡ, ಸೇತುವೆ. ಕಡಿದಾದ ಹಳಿಯ ಮೇಲೆ ಉಕ್ಕಿನ ಹಗ್ಗ ಎಳೆಯುವ ಗಾಡಿಯೊಂದು 1870ರಿಂದ ಜನರನ್ನು ಗುಡ್ಡಕ್ಕೆ ಹತ್ತಿಸುತ್ತಿದೆ. ಮೇಲಿನಿಂದ ಇಡೀ ನಗರ ಕಾಣುತ್ತದೆ. 1940ರ ದಶಕದಲ್ಲಿ ಇದೇ ಊರಿನಲ್ಲಿ ಹೊಗೆಯ ದೆಸೆಯಿಂದ ಹಗಲಲ್ಲೇ ಬೀದಿದೀಪ ಉರಿಸಬೇಕಾಗುತ್ತಿತ್ತು ಎಂದರೆ ಇಂದು ನಂಬುವುದು ಕಷ್ಟ. ಜೆಮ್‌ಶೆಡ್‌ಜಿ ಟಾಟಾ ಉಕ್ಕಿನ ಕಾರ್ಖಾನೆಯ ಕನಸು ಹೊತ್ತು 1902ರಲ್ಲಿ ಬಂದದ್ದು ಆ ಹೊಗೆಯ ಊರಿಗೆ.

ಆ ಪಿಟ್ಸ್‌ಬರ್ಗ್ ಈಗ ಸುಲಭವಾಗಿ ಸಿಗುವುದಿಲ್ಲ ಎಂಬುದೇ ತೊಡಕು. ಅಮೆರಿಕದ ಕಾರ್ಮಿಕ ಇತಿಹಾಸದಲ್ಲಿ ಹೋಮ್‌ಸ್ಟೆಡ್ ದೊಡ್ಡ ಹೆಸರು. ಆಂಡ್ರ್ಯೂ ಕಾರ್ನೆಗಿಯ ಈ ಕಾರ್ಖಾನೆಯಲ್ಲಿ 1892ರಲ್ಲಿ ಕಾರ್ಮಿಕರಿಗೂ ಕಂಪೆನಿ ಕರೆಸಿದ ಖಾಸಗಿ ಪಡೆಗೂ ಗುಂಡಿನ ಕಾಳಗವೇ ನಡೆದು ಎರಡೂ ಕಡೆ ಸಾವು ಸಂಭವಿಸಿತು. ಕಾರ್ಖಾನೆ 1986ರಲ್ಲಿ ಮುಚ್ಚಿತು. ಇಂದು ಅಲ್ಲಿರುವುದು ಅಂಗಡಿ, ಹೋಟೆಲು, ಸಿನಿಮಾ ಮಂದಿರ. ನಡುವೆ ಸಾಲಾಗಿ ನಿಂತ ಇಟ್ಟಿಗೆಯ ಹೊಗೆಕೊಳವೆಗಳು. ಯುಎಸ್ ಸ್ಟೀಲ್ ಕಂಪೆನಿ ಕಟ್ಟಿಸಿದ 64 ಅಂತಸ್ತಿನ ಗೋಪುರದ ನೆತ್ತಿಯಲ್ಲಿ ಬೆಳಗುವುದು ಒಂದು ಆಸ್ಪತ್ರೆ ಸಮೂಹದ ಹೆಸರು. ಆಸ್ಪತ್ರೆ, ವಿಶ್ವವಿದ್ಯಾಲಯಗಳು ಈ ಊರನ್ನು ಉಳಿಸಿದವು, ನಿಜ. ಆದರೆ ಉಕ್ಕು ಕರಗಿಸಿ ಕೆಲಸ ಕಳೆದುಕೊಂಡವನಿಗೆ ಆ ಕೆಲಸಗಳು ದಕ್ಕುವಂಥವಾಗಿರಲಿಲ್ಲ. ಸಾವಿರಾರು ಕುಟುಂಬಗಳು ಊರು ಬಿಟ್ಟವು. ನುಣ್ಣಗಾದ ನಗರದಲ್ಲಿ ಈ ಕಥೆಯನ್ನು ಪ್ರವಾಸಿ ತಾನೇ ಹುಡುಕಿಕೊಂಡು ಹೋಗಬೇಕು.

ಹುಡುಕುವವರಿಗೆ ಒಂದು ಜಾಗವಿದೆ. ಹೋಮ್‌ಸ್ಟೆಡ್‌ಗೆ ಎದುರು ದಡದಲ್ಲಿ ಕ್ಯಾರಿ ಎಂಬ ಹೆಸರಿನ ಎರಡು ಊದುಕುಲುಮೆಗಳು ತುಕ್ಕು ಹಿಡಿದು ನಿಂತಿವೆ, ಸುಮಾರು 92 ಅಡಿ ಎತ್ತರ. ಹೊಳೆಯಾಚೆಯ ಕಾರ್ಖಾನೆಗೆ ಕರಗಿದ ಕಬ್ಬಿಣ ಹೋಗುತ್ತಿದ್ದುದು ಇಲ್ಲಿಂದ. ಈಗ ಮಾರ್ಗದರ್ಶಿಗಳ ಜತೆ ಒಳಹೊಕ್ಕು ನೋಡಬಹುದು.

ಡೆಟ್ರಾಯಿಟ್ ಏನನ್ನೂ ಮುಚ್ಚಿಡುವುದಿಲ್ಲ. ಮುಚ್ಚಿಡುವುದು ಅದಕ್ಕೆ ಸಾಧ್ಯವೂ ಆಗಲಿಲ್ಲ. 2013ರ ಜುಲೈನಲ್ಲಿ ಸುಮಾರು 1,800 ಕೋಟಿ ಡಾಲರ್ ಹೊಣೆ ಹೊತ್ತು ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಆಗ ಸಾಲಗಾರರ ಕಣ್ಣು ಬಿದ್ದದ್ದು ನಗರದ ಕಲಾ ಸಂಗ್ರಹಾಲಯದ ಮೇಲೆ. ಚಿತ್ರಗಳನ್ನು ಮಾರಬೇಕೆ, ಪೌರ ನೌಕರರ ಪಿಂಚಣಿ ಕಡಿಯಬೇಕೆ? ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ಸಂಗ್ರಹಾಲಯ 80 ಕೋಟಿ ಡಾಲರ್‌ಗೂ ಮಿಗಿಲಾದ ನೆರವಿನ ಭರವಸೆ ಕೊಟ್ಟು 2014ರಲ್ಲಿ ಈ ಇಕ್ಕಟ್ಟನ್ನು ಬಿಡಿಸಿದವು. ಚಿತ್ರಗಳು ಉಳಿದವು. ಪಿಂಚಣಿಗೆ ಪೆಟ್ಟು ತಪ್ಪಲಿಲ್ಲ, ಹಗುರಾಯಿತು ಅಷ್ಟೆ.

ಹೀಗೆ ಉಳಿದ ಕಲಾ ಸಂಗ್ರಹಾಲಯದ ಒಂದು ಅಂಗಳಕ್ಕಾಗಿಯೇ ಡೆಟ್ರಾಯಿಟ್‌ಗೆ ಹೋಗಬಹುದು. ಮೆಕ್ಸಿಕೋದ ಚಿತ್ರಕಾರ ದಿಯೆಗೊ ರಿವೆರಾ 1932-33ರಲ್ಲಿ ಅಲ್ಲಿನ ನಾಲ್ಕೂ ಗೋಡೆಗಳ ಮೇಲೆ 27 ಭಿತ್ತಿಚಿತ್ರಗಳನ್ನು ಬರೆದ. ವಸ್ತು, ಫೋರ್ಡ್ ಕಂಪೆನಿಯ ರೂಜ್ ಕಾರ್ಖಾನೆ. ಬಾಗಿದ ಬೆನ್ನು, ಬಿಗಿದ ತೋಳು, ಬಾಯ್ದೆರೆದ ಕುಲುಮೆ. ದುಡ್ಡು ಕೊಟ್ಟವನು ಹೆನ್ರಿ ಫೋರ್ಡ್‌ನ ಮಗ ಎಡ್ಸೆಲ್, ಬರೆದವನು ಕಮ್ಯೂನಿಸ್ಟ್. ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಅದೇ ರೂಜ್ ಇನ್ನೂ ನಡೆಯುತ್ತಿದೆ, ಟ್ರಕ್ಕುಗಳ ಜೋಡಣೆಯನ್ನು ಪ್ರವಾಸಿಗಳು ಮೇಲಿನ ಕಾಲುಹಾದಿಯಿಂದ ನೋಡಬಹುದು. ಬೆಳಿಗ್ಗೆ ಚಿತ್ರ, ಮಧ್ಯಾಹ್ನ ಕಾರ್ಖಾನೆ: ಇಂಥ ಜೋಡಿ ಪಿಟ್ಸ್‌ಬರ್ಗ್‌ನಲ್ಲಿ ಸಿಗದು. 1988ರಲ್ಲಿ ಕೊನೆಯ ರೈಲು ಹೊರಟ ಮೇಲೆ ಪಾಳು ಬಿದ್ದು ನಗರದ ಪತನಕ್ಕೇ ಗುರುತಾಗಿದ್ದ ಮಿಷಿಗನ್ ಸೆಂಟ್ರಲ್ ನಿಲ್ದಾಣದ ಕಟ್ಟಡವೂ, ಫೋರ್ಡ್ ಕಂಪೆನಿ ಕೊಂಡು ದುರಸ್ತಿ ಮಾಡಿಸಿದ ಮೇಲೆ, 2024ರ ಜೂನ್‌ನಲ್ಲಿ ಬಾಗಿಲು ತೆರೆದಿದೆ.

ಆದ್ದರಿಂದ ಒಂದೇ ಊರು ಎನ್ನುವುದಾದರೆ ಡೆಟ್ರಾಯಿಟ್ ಆರಿಸುವುದು ಮೇಲು. ಆದರೆ ಕಾರು ಬೇಕೇ ಬೇಕು. ಕಾರು ಹುಟ್ಟಿಸಿದ ಊರಿನಲ್ಲಿ ಅದಿಲ್ಲದೆ ಓಡಾಡುವುದು ಕಷ್ಟ. ವಯಸ್ಸಾದವರು, ಕಾರು ಓಡಿಸುವವರು ಜತೆಗಿಲ್ಲದವರು ಪಿಟ್ಸ್‌ಬರ್ಗ್‌ಗೇ ಹೋಗಲಿ. ಮೂರ್ನಾಲ್ಕು ದಿನವಿದ್ದವರು ಎರಡನ್ನೂ ನೋಡಬಹುದು, ನಡುವೆ ರಸ್ತೆಯಲ್ಲಿ ಸುಮಾರು ಐದು ಗಂಟೆಯ ಪಯಣ. ಕ್ಯಾರಿ ಕುಲುಮೆಗಳ ವೀಕ್ಷಣೆ ಚಳಿಗಾಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ; ಟಿಕೆಟು ಕೊಳ್ಳುವ ಮುನ್ನ ದಿನಾಂಕ ವಿಚಾರಿಸಿಕೊಳ್ಳಬೇಕು.